ರಿರೋರಿರೋ ಹೇಳದ ಮಾತು

ಸ್ಯಾನಟೋರಿಯಂ
ಆಗಸ್ಟ್ 5, 1951

ಹೆಕ್ಟರ್,

ನಮ್ಮ ಹಿತ್ತಲಿನ ಪ್ಲಮ್ ಮರಕ್ಕೆ ಹದಿನಾಲ್ಕು ಗುಬ್ಬಚ್ಚಿ ಬಂದವು ಎಂದು ಬರೆದಿದ್ದೀಯ. ಬಂದಿರುವುದು ಗುಬ್ಬಚ್ಚಿಯಲ್ಲ ಮಾರಾಯ. ಬೆನ್ನು ಹಸಿರಾಗಿದ್ದು, ಕಣ್ಣ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಉಂಗುರ ಇದೆಯೋ ಇಲ್ಲವೋ ನೋಡು. ಇದ್ದರೆ ಅದು ಬೆಳ್ಗಣ್ಣ. ಆರು ವರ್ಷ ಅದೇ ಹಿತ್ತಲಿನಲ್ಲಿ ಬೆಳಗಿನ ಚಹಾ ಕುಡಿದವನಿಗೆ ಇಷ್ಟೂ ತಿಳಿಯದಿದ್ದರೆ, ರೈಲು ಹಳಿಯ ಉಸ್ತುವಾರಿಯನ್ನು ನಿನಗೆ ಯಾರು ಕೊಟ್ಟರೋ ಕಾಣೆ.

ಆಗಸ್ಟಿನ ಈ ಚಳಿಗಾಲ ಕಳೆಯುವವರೆಗೆ ಅವಕ್ಕೆ ಹೊಟ್ಟೆಗಿಲ್ಲ. ಕುರಿಮಾಂಸ ಹುರಿದಾಗ ಉಳಿಯುವ ಕೊಬ್ಬನ್ನು ಚೆಲ್ಲಬೇಡ. ಹಳೆಯ ತಗಡಿನ ಡಬ್ಬಿಯಲ್ಲಿ ಗಟ್ಟಿಯಾಗಲು ಬಿಟ್ಟು, ತಂತಿ ಕಟ್ಟಿ ಮರಕ್ಕೆ ನೇತುಹಾಕು. ಆಮೇಲೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತುಕೋ. ಅಲುಗಾಡಬೇಡ, ಶಿಳ್ಳೆ ಹಾಕಬೇಡ, ನೆಟ್ಟ ನೋಟದಿಂದ ನೋಡಲೂ ಬೇಡ. ಬೇರೆ ಯಾವುದೋ ಯೋಚನೆಯಲ್ಲಿರುವವನಂತೆ ಕೂತರೆ ಹಕ್ಕಿ ತಾನಾಗಿ ಹತ್ತಿರ ಬರುತ್ತದೆ. ಹಿಡಿಯಲು ಹೋದವರಿಗೆ ಯಾವ ಹಕ್ಕಿಯೂ ದಕ್ಕಿದ್ದಿಲ್ಲ.

ಟೊಮೇಟೊ ಬೀಜ ಅಡುಗೆಮನೆಯ ಕಪಾಟಿನಲ್ಲಿ, ಚಹಾ ಡಬ್ಬಿಯ ಹಿಂದೆ, ನೀಲಿ ಲಕೋಟೆಯಲ್ಲಿದೆ. ಈ ವಾರವೇ ಮರದ ಪೆಟ್ಟಿಗೆಯಲ್ಲಿ ಬಿತ್ತಿ, ಒಲೆಯ ಪಕ್ಕದ ಕಿಟಕಿಯಲ್ಲಿಡು. ದಿನವೂ ನೀರು ಸುರಿದು ಕೊಳೆಸಬೇಡ.

ನನಗೀಗ ದಿನಕ್ಕೆ ಎರಡು ಗಂಟೆ ಎದ್ದು ಕೂರಲು ಅಪ್ಪಣೆಯಾಗಿದೆ. ಕೆಮ್ಮಿಲ್ಲ. ಜ್ವರದ ಪಟ್ಟಿ ನಿಮ್ಮ ಹಳಿಗಿಂತ ನೆಟ್ಟಗಿದೆ. ನನ್ನ ಕೋಣೆಗೆ ಇರುವುದು ಮೂರೇ ಗೋಡೆ, ನಾಲ್ಕನೆಯ ಕಡೆಯಿಂದ ಗಾಳಿ ಬರಬೇಕಂತೆ, ಕ್ಷಯಕ್ಕೆ ಅದು ಒಳ್ಳೆಯದಂತೆ. ಗಾಳಿಯ ಜೊತೆ ಬೀಸಣಿಗೆ ಬಾಲದ ಹಕ್ಕಿಯೊಂದು ನೇರ ಒಳಗೆ ಬಂದು ಮಂಚದ ಕಂಬಿಯ ಮೇಲೆ ಕೂರುತ್ತದೆ. ಬಂದು ನೋಡುವವರಿಗೆ ಇರುವ ಕಟ್ಟುಪಾಡು ಅದಕ್ಕಿಲ್ಲ.

ನಮ್ಮ ನೆಸ್ಸಿಗೆ ಇದೇ ಹದಿನೇಳನೆಯ ತಾರೀಕಿಗೆ ಒಂದು ವರ್ಷ ತುಂಬುತ್ತದೆ. ಏಳು ತಿಂಗಳ ಕೂಸನ್ನು ಪಕ್ಕದ ಮನೆ ಮಿರಿಯಾಮಾಳ ತೋಳಿಗೆ ಹಾಕಿ ಬಂದವಳು ನಾನು. ಹದಿನಾರು ವರ್ಷ ತುಂಬದವರನ್ನು ಇಲ್ಲಿ ಗೇಟಿನೊಳಗೆ ಬಿಡುವುದಿಲ್ಲ. ಅವಳಿಗೆ ಎಷ್ಟು ಹಲ್ಲು ಬಂದಿವೆ, ಎಣಿಸಿ ಬರೆ.

ನಿನ್ನ
ಐಲ್ಸಾ


ರೈಲ್ವೆ ಮನೆಗಳು, ಒಹಾಕುನೆ
ಆಗಸ್ಟ್ 19, 1951

ಐಲ್ಸಾ,

ಹಲ್ಲು ಆರು. ಎಣಿಸಲು ಹೋದ ಬೆರಳಿಗೆ ಗಾಯ ಒಂದು.

ಗುಬ್ಬಚ್ಚಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಉಂಗುರ ಇದೆ. ಕೊಬ್ಬಿನ ಡಬ್ಬಿ ಕಟ್ಟಿದ ಮೂರನೆಯ ದಿನ ಅವು ಡಬ್ಬಿಯೊಳಗೇ ನುಗ್ಗಿ ಜಗಳವಾಡಿದವು. ನಾನು ಮೆಟ್ಟಿಲ ಮೇಲೆ ಅಲುಗಾಡದೆ ಕೂತಿದ್ದೆ. ಬೇಲಿಯಾಚೆಯಿಂದ ಮಿರಿಯಾಮಾ ನೋಡಿ, "ಏನೋ ಹೆಕ್ಟರ್, ಕೂತಲ್ಲೇ ಪ್ರಾಣ ಹೋಯ್ತಾ? ಪಾದ್ರಿನ ಕರೀಲಾ?" ಎಂದು ಕೂಗಿದಳು. ಹದಿನಾಲ್ಕೂ ಹಾರಿಹೋದವು.

ಹುಟ್ಟುಹಬ್ಬಕ್ಕೆ ಅವಳೇ ಕೇಕು ಮಾಡಿದಳು. ನೆಸ್ಸಿ ಅದನ್ನು ತಿಂದದ್ದಕ್ಕಿಂತ ತಲೆಗೆ ಹಚ್ಚಿಕೊಂಡದ್ದು ಹೆಚ್ಚು. ಕುರ್ಚಿ ಹಿಡಿದು ನಿಲ್ಲುತ್ತಾಳೆ. ನಾನು ಕೆಲಸಕ್ಕೆ ಹೋಗುವಾಗ ಮಿರಿಯಾಮಾಳ ಮನೆಯಲ್ಲಿ ಬಿಟ್ಟು, ಬಂದ ಮೇಲೆ ಕರೆತರುತ್ತೇನೆ. ಕೆಲವು ದಿನ ಬರಲು ಒಪ್ಪುವುದಿಲ್ಲ.

ಬೀಜ ಬಿತ್ತಿದ್ದೇನೆ. ಇನ್ನೂ ಏನೂ ಕಾಣಿಸಿಲ್ಲ. ಬೆಟ್ಟದ ಮೇಲಿಂದ ಹಿಮ ಇಳಿಯುವ ಲಕ್ಷಣವೇ ಇಲ್ಲ.

ಅಂಚೆಮನೆಯಲ್ಲಿ ಒಬ್ಬರು ನಿನ್ನ ಪತ್ರಗಳನ್ನು ಮೊದಲು ಬಿಸಿ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಆಮೇಲೆ ಓದಬೇಕು, ರೋಗ ಅಂಟುತ್ತದೆ ಎಂದು ಬುದ್ಧಿ ಹೇಳಿದರು. ನನ್ನ ಅಂಗಿಗೇ ನಾನು ಇಸ್ತ್ರಿ ಮಾಡುವುದಿಲ್ಲ ಎಂದು ಹೇಳಿ ಬಂದೆ.

ಹೆಕ್ಟರ್


ಸ್ಯಾನಟೋರಿಯಂ
ಆಗಸ್ಟ್ 28, 1951

ಹೆಕ್ಟರ್,

ಇವತ್ತು ಬೆಳಗ್ಗೆ ರಿರೋರಿರೋ ಹಾಡಿತು! ನಿನಗೆ ಗೊತ್ತಾಗಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ: ಹೆಬ್ಬೆರಳಷ್ಟು ಬೂದು ಹಕ್ಕಿ, ಕಣ್ಣಿಗೆ ಬೀಳುವುದೇ ಕಡಿಮೆ, ಆದರೆ ದನಿ ಮಾತ್ರ ಇಡೀ ಗುಡ್ಡಕ್ಕೆ ಕೇಳಬೇಕು. ಏರುತ್ತ ಇಳಿಯುತ್ತ, ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಎಳೆದುಕೊಂಡು ಹೋಗುತ್ತದೆ. ಅದು ಹಾಡಿತೆಂದರೆ ವಸಂತ ಬಂತು, ನೆಲಕ್ಕೆ ಕೈ ಹಾಕು ಎಂದು ಅರ್ಥ. ದುಡಿಯದೆ ಉಣ್ಣಲು ಬಂದವನನ್ನು, ನಮಗಿಂತ ಮೊದಲಿನಿಂದ ಈ ನಾಡಿನಲ್ಲಿರುವ ಮಿರಿಯಾಮಾಳ ಕಡೆಯವರು ಕೇಳುವುದೇ ಹಾಗೆ: "ರಿರೋರಿರೋ ಹಾಡುವಾಗ ನೀನೆಲ್ಲಿದ್ದೆ?"

ಆದ್ದರಿಂದ ನನ್ನ ಮಾತು ಕೇಳು. ಟೊಮೇಟೊ ಸಸಿಗಳು ನಾಲ್ಕೆಲೆ ಬಿಟ್ಟ ಕೂಡಲೇ, ಸೆಪ್ಟೆಂಬರ್ ಮಧ್ಯದಲ್ಲೇ, ಹೊರಗೆ ನೆಟ್ಟುಬಿಡು. ಅಕ್ಟೋಬರ್ ಕೊನೆಗೆ ಲೇಬರ್ ಡೇ ರಜೆ ಬರಲಿ, ಅಲ್ಲಿವರೆಗೆ ಮಂಜು ಬೀಳಬಹುದು, ಟೊಮೇಟೊ ಹೊರಗಿಡಬೇಡಿ ಎಂದು ಊರೆಲ್ಲ ಹೇಳುತ್ತದೆ, ನನಗೆ ಗೊತ್ತು. ನಾನೂ ಪ್ರತಿ ವರ್ಷ ಹಾಗೇ ಮಾಡಿದೆ, ಹಣ್ಣು ಕೆಂಪಾಗುವ ಹೊತ್ತಿಗೆ ಬೇಸಿಗೆಯೇ ಮುಗಿದಿರುತ್ತಿತ್ತು. ಊರಿನ ಹೆದರಿಕೆಗೆಲ್ಲ ನಾವು ಕಾಯಬೇಕೇ? ಬಿಸಿಲು ಬೀಳುವ ಉತ್ತರದ ಗೋಡೆಗೆ ಒರಗಿಸಿ ನೆಡು.

ಇಲ್ಲಿಯ ದೊಡ್ಡ ಡಾಕ್ಟರೂ ಲೇಬರ್ ಡೇ ಜಾತಿಯವರೇ. ನನ್ನ ಎಡ ಶ್ವಾಸಕೋಶದಲ್ಲಿ ಒಂದು ನೆರಳು ಇನ್ನೂ ಉಳಿದಿದೆಯಂತೆ, ಫೆಬ್ರವರಿವರೆಗೆ ಅಲುಗಾಡಬಾರದಂತೆ. ಹದಿನೈದು ಪೌಂಡು ತೂಕ ಏರಿದೆ, ದಿನಕ್ಕೆ ನಾಲ್ಕು ಗಂಟೆ ಎದ್ದು ಓಡಾಡುತ್ತೇನೆ, ಸಿಸ್ಟರಿಗಿಂತ ಜೋರಾಗಿ ನಗುತ್ತೇನೆ. ಯಾವ ನೆರಳು?

ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ. ನಿನ್ನ ಸಸಿಗಳು ಹೊರಗೆ ಬದುಕಿ ಬೆಳೆದರೆ, ಕಾಯಿರಿ ಕಾಯಿರಿ ಎನ್ನುವವರ ಮಾತು ಸುಳ್ಳಾಯಿತು. ಆಗ ಸ್ವಂತ ಜವಾಬ್ದಾರಿಯ ಕಾಗದಕ್ಕೆ ಸಹಿ ಮಾಡಿ, ಲೇಬರ್ ಡೇ ಹೊತ್ತಿಗೆ ನಾನೂ ಹೊರಗೆ. ನೆಸ್ಸಿ ದೊಡ್ಡವಳಾಗಿ, "ರಿರೋರಿರೋ ಹಾಡುವಾಗ ನೀನೆಲ್ಲಿದ್ದೆ?" ಎಂದು ನನ್ನನ್ನು ಕೇಳಬಾರದು ಹೆಕ್ಟರ್. ಆ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ನಿನ್ನ
ಐಲ್ಸಾ


ಒಹಾಕುನೆ
ಸೆಪ್ಟೆಂಬರ್ 16, 1951

ಐಲ್ಸಾ,

ನೆಟ್ಟೆ. ಹನ್ನೆರಡು ಸಸಿ, ಉತ್ತರದ ಗೋಡೆಗೆ, ನೀನು ಹೇಳಿದ ಹಾಗೆ. ವಾರದಿಂದ ಬೆಚ್ಚಗಿದೆ, ಅಂಗಿಯ ತೋಳು ಮಡಿಚಿ ಕೆಲಸ ಮಾಡಿದೆವು.

ಮಿರಿಯಾಮಾ ಬೇಲಿಗೆ ಒರಗಿ ನಿಂತು ನೋಡಿದಳು. "ಯಾರು ಹೇಳಿದ್ರು ಇದನ್ನ?" ಎಂದಳು. ಐಲ್ಸಾ ಹೇಳಿದಳು, ಐಲ್ಸಾಗೆ ರಿರೋರಿರೋ ಹೇಳಿತು ಎಂದೆ. ಅವಳು ನಕ್ಕ ನಗುವಿಗೆ ತೋಳಿನಲ್ಲಿದ್ದ ನೆಸ್ಸಿಯೂ ಕುಲುಕಿ ನಗತೊಡಗಿದಳು. "ಅಯ್ಯೋ ಬುದ್ಧಿವಂತ್ರೇ! ಅದು ನಮ್ಮಜ್ಜಿಯ ಅಜ್ಜಿ ಕಾಲದ ಮಾತು ಕಣೋ. ಗೆಣಸಿನ ನೆಲ ಹದ ಮಾಡ್ಕೊಳ್ಳಿ ಅಂತ ಹಕ್ಕಿ ಹೇಳ್ತಿತ್ತು. ಆಗ ಈ ನಾಡಲ್ಲಿ ಟೊಮೇಟೊನ ಕಂಡವರ್ಯಾರು? ಪಾಪದ ಹಕ್ಕಿಗೆ ಟೊಮೇಟೊ ವಿಷ್ಯ ಏನ್ ಗೊತ್ತು? ಅದನ್ನ ತಂದವರು ನೀವು, ಲೇಬರ್ ಡೇ ಮಾಡಿದವರೂ ನೀವು. ನಿಮ್ಮದನ್ನ ನೀವು ಪಾಲಿಸಿ, ನಮ್ಮ ಹಕ್ಕಿ ಮೇಲೆ ಯಾಕೆ ಹಾಕ್ತೀರಾ?"

ಅವಳ ಮಾತು ಹಾಗಿರಲಿ. ನನಗೂ ನೀನು ಲೇಬರ್ ಡೇಗೆ ಬಂದರೆ ಸಾಕಾಗಿದೆ.

ನೆಸ್ಸಿ ನಡೆದಳು. ಕುರ್ಚಿಯಿಂದ ಒಲೆಯ ಬಳಿಗೆ ನಾಲ್ಕು ಹೆಜ್ಜೆ. ಒಂದು ಮಾತೂ ಆಡಿದಳು. ಯಾವ ಮಾತು ಎಂದು ನೀನು ಬಂದಾಗ ಹೇಳುತ್ತೇನೆ.

ಹೆಕ್ಟರ್


ಸ್ಯಾನಟೋರಿಯಂ
ಸೆಪ್ಟೆಂಬರ್ 23, 1951

ಹೆಕ್ಟರ್,

ಯಾವ ಮಾತು ಎಂದು ನನಗೆ ಗೊತ್ತಾಯಿತು. ಯಾರನ್ನು ನೋಡಿ ಆಡಿದಳು ಎಂದೂ ಗೊತ್ತಾಯಿತು. ಬೇರೆ ಮಾತಾಗಿದ್ದರೆ ನೀನು ಆ ಸಾಲನ್ನು ಅಷ್ಟು ನಾಜೂಕಾಗಿ ಬರೆಯುತ್ತಿರಲಿಲ್ಲ.

ಅಮ್ಮ ಎಂದಳು, ಅಲ್ಲವೇ? ಮಿರಿಯಾಮಾಳನ್ನು ನೋಡಿ.

ಇರಲಿ. ಅವಳ ಮೇಲೇಕೆ ನಾನು ಬೇಸರ ಮಾಡಿಕೊಳ್ಳಲಿ? ಆರು ತಿಂಗಳು ಹೊತ್ತು ತಿರುಗಿದವಳು ಅವಳು. ಆದರೆ ಲೇಬರ್ ಡೇ ದಾಟಿ ಇನ್ನೊಂದು ದಿನವೂ ನಾನು ಇಲ್ಲಿರುವುದಿಲ್ಲ. ಸಸಿಗಳು ಎಷ್ಟು ಇಂಚು ಬೆಳೆದಿವೆ ಎಂದು ಅಳೆದು ಬರೆ. ಅವೇ ನನ್ನ ವಕೀಲರು.

ಐಲ್ಸಾ


ಒಹಾಕುನೆ
ಸೆಪ್ಟೆಂಬರ್ 30, 1951

ಪ್ರೀತಿಯ ಐಲ್ಸಾ,

ಟೊಮೇಟೊ ಚೆನ್ನಾಗಿವೆ. ಎಂಟು ಇಂಚು. ಎಲೆ ದಪ್ಪ, ಬಣ್ಣ ಕಡು ಹಸಿರು. ಎಲ್ಲರೂ ಹೊಗಳುತ್ತಾರೆ. ನೆಸ್ಸಿ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಹವೆಯೂ ಚೆನ್ನಾಗಿದೆ.

ಬೇಲಿಯ ಹಿಂದಿನ ಮಾನುಕಾ ಪೊದೆಯಲ್ಲಿ ಒಂದು ಗೂಡು ನೇತಾಡುತ್ತಿದೆ. ಕಾಲುಚೀಲಕ್ಕೆ ಪಕ್ಕದಲ್ಲಿ ತೂತು ಬಿದ್ದ ಹಾಗಿದೆ. ಒಳಗಿರುವುದು ನಿನ್ನ ರಿರೋರಿರೋನೇ. ಮೆಟ್ಟಿಲ ಮೇಲೆ ನಾಲ್ಕು ಸಂಜೆ ಕೂತು ಕಂಡುಹಿಡಿದೆ.

ಪ್ರೀತಿಯಿಂದ,
ಹೆಕ್ಟರ್


ಸ್ಯಾನಟೋರಿಯಂ
ಅಕ್ಟೋಬರ್ 14, 1951

ಹೆಕ್ಟರ್,

ಎಂಟು ಇಂಚು! ನಿನ್ನ ಪತ್ರವನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸಿಸ್ಟರ್ ಮಾತ್ರ ತುಟಿ ಬಿಗಿದು, "ತಾಳಿದವರು ಬಾಳ್ತಾರಮ್ಮಾ" ಎಂದಳು. ತಾಳಿದವರ ಟೊಮೇಟೊ ಏಪ್ರಿಲ್‌ನಲ್ಲೂ ಹಸಿರಾಗಿರುತ್ತದೆ ಸಿಸ್ಟರ್ ಎಂದು ನಾನೂ ಉತ್ತರ ಕೊಟ್ಟೆ.

ಕಾಗದ ತರಿಸಿದ್ದೇನೆ. ಗುರುವಾರ ಸಹಿ, ಶುಕ್ರವಾರ ಹತ್ತೊಂಬತ್ತಕ್ಕೆ ಬೆಳಗಿನ ರೈಲು. ದೊಡ್ಡ ಡಾಕ್ಟರು ಎದುರು ಕೂತು ಬಹಳ ಹೊತ್ತು ಮಾತಾಡಿದರು. ಔಷಧಿ ಅರ್ಧಕ್ಕೆ ಬಿಟ್ಟರೆ ರೋಗ ಮರಳಿ ಬರುತ್ತದೆ, ಎರಡನೆಯ ಸಲ ಅದೇ ಔಷಧಿ ಹಿಡಿಯುವುದಿಲ್ಲ ಎಂದರು. ಮನೆಯಲ್ಲಿ ಮಗು ಇದೆಯಲ್ಲವೇ ಎಂದೂ ಕೇಳಿದರು. ಇದೆ, ಅದಕ್ಕೇ ಹೋಗುತ್ತಿದ್ದೇನೆ ಎಂದೆ. ಅವರ ಮಾತು ಬಲ್ಲವರ ಮಾತೇ ಇರಬಹುದು, ಆದರೆ ನನ್ನ ದೇಹ ನನಗೆ ಗೊತ್ತಿಲ್ಲವೇ?

ನೀಲಿ ಕೋಟು ಸ್ಟೇಷನ್ನಿಗೆ ತಾ. ನೆಸ್ಸಿಯನ್ನೂ ಕರೆದುಕೊಂಡು ಬಾ. ಕೆಂಪು ಟೋಪಿ ಹಾಕು ಅವಳಿಗೆ, ದೂರದಿಂದಲೇ ಕಾಣಬೇಕು.

ನಿನ್ನ
ಐಲ್ಸಾ


ತಂತಿ
ಅಕ್ಟೋಬರ್ 16, 1951

ಬರಬೇಡ. ಟೊಮೇಟೊ ಸತ್ತಿವೆ. ಪತ್ರ ಬರುತ್ತಿದೆ. ಹೆಕ್ಟರ್


ಒಹಾಕುನೆ
ಅಕ್ಟೋಬರ್ 16, 1951

ಐಲ್ಸಾ,

ತಂತಿ ಕಚೇರಿಯವನು ಆ ಸಾಲನ್ನು ಎರಡು ಸಲ ಓದಿ ನನ್ನ ಮುಖ ನೋಡಿದ. ಕಳಿಸು ಎಂದೆ.

ಸಸಿಗಳು ಸತ್ತದ್ದು ಇವತ್ತಲ್ಲ, ಸೆಪ್ಟೆಂಬರ್ ಇಪ್ಪತ್ತೈದಕ್ಕೆ. ಹಿಂದಿನ ಸಂಜೆ ಆಕಾಶ ಒರೆಸಿಟ್ಟ ಹಾಗೆ ಶುಭ್ರವಾಗಿತ್ತು, ಎಷ್ಟು ಚೆನ್ನಾಗಿದೆ ಎಂದುಕೊಂಡು ಮಲಗಿದೆ. ಬೆಳಗ್ಗೆ ಬಾಗಿಲು ತೆಗೆದರೆ ಹಿತ್ತಲೆಲ್ಲ ಮಂಜುಗಟ್ಟಿ ಬೆಳ್ಳಗಾಗಿತ್ತು. ಹನ್ನೆರಡರಲ್ಲಿ ಒಂದೂ ಉಳಿಯಲಿಲ್ಲ, ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ನೆಲಕ್ಕೆ ಬಿದ್ದಿದ್ದವು. ಮುಟ್ಟಿದರೆ ಬೆರಳಿಗೆ ಅಂಟಿಕೊಂಡವು. ಹಿಂದಿನ ದಿನ ನೋಡಿದ್ದರೆ ಅವುಗಳಿಗಿಂತ ಗಟ್ಟಿಮುಟ್ಟಾದ ಸಸಿ ಊರಿನಲ್ಲೇ ಇಲ್ಲ ಎಂದು ನಾನು ಪಂಥ ಕಟ್ಟುತ್ತಿದ್ದೆ.

ಎಂಟು ಇಂಚು ಎಂದು ಸುಳ್ಳು ಬರೆದೆ. ಯಾಕೆ ಬರೆದೆ ಎಂದು ನೀನು ಕೇಳುತ್ತೀಯ. ಅವು ಬದುಕಿವೆ ಎಂದರೆ ನೀನು ಬರುತ್ತೀಯ, ಅದಕ್ಕೆ. ನನಗೆ ನೀನು ಮನೆಯಲ್ಲಿರಬೇಕಿತ್ತು. ಎರಡು ಚಹಾ ಕಪ್ಪು ತೆಗೆದಿಟ್ಟು ಒಂದನ್ನು ಮತ್ತೆ ಕಪಾಟಿಗೆ ಸೇರಿಸುವುದು ಸಾಕಾಗಿತ್ತು. ಪ್ರತಿ ಭಾನುವಾರ ನಿಜ ಬರೆಯುತ್ತೇನೆ ಎಂದು ಕೂರುತ್ತಿದ್ದೆ, ಕೈ ಏಳುತ್ತಿರಲಿಲ್ಲ.

ನಿನ್ನೆ ನಿನ್ನ ಪತ್ರ ಬಂತು. ಡಾಕ್ಟರು ಹೇಳಿದ್ದನ್ನು ನೀನು ನಗೆಯಾಗಿ ಬರೆದಿದ್ದೀಯ, ನನಗೆ ನಗು ಬರಲಿಲ್ಲ. ಪತ್ರ ಹಿಡಿದುಕೊಂಡು ಮಿರಿಯಾಮಾಳ ಬಳಿ ಹೋಗಿ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ನೆಸ್ಸಿಯ ತಲೆ ಬಾಚುತ್ತ ಕೂತಿದ್ದಳು. "ನನ್ ತಂಗಿನೂ ಆಸ್ಪತ್ರೆಯಿಂದ ಹಿಂಗೇ ಬಂದ್ಲು ಹೆಕ್ಟರ್" ಎಂದಳು. "ಚೆನ್ನಾಗಿದ್ದೀನಿ ಅಂತ ಕುಣ್ಕೊಂಡು ಬಂದ್ಲು. ಚೆನ್ನಾಗೂ ಇದ್ಲು, ಮೂರು ತಿಂಗಳು." ಬಾಚಣಿಗೆ ಕೆಳಗಿಟ್ಟು, "ಮೊದ್ಲು ತಂತಿ ಕೊಡು. ಸುಳ್ಳು ನಿಂದು, ಅದನ್ನ ಸರಿ ಮಾಡೋನೂ ನೀನೇ" ಎಂದಳು.

ನೀನು ಪಂಥ ಕಟ್ಟಿದ್ದು ಸಸಿಗಳ ಮೇಲೆ. ಸಸಿ ಸೋತಿವೆ. ಸೋತವಳು ಮಾತಿಗೆ ತಪ್ಪಬಾರದು. ಆ ಕಾಗದಕ್ಕೆ ಸಹಿ ಹಾಕಬೇಡ.

ಇನ್ನೊಂದು ಮಾತು. ರಿರೋರಿರೋ ಹಾಡುವಾಗ ನೀನೆಲ್ಲಿದ್ದೆ ಎಂದು ನೆಸ್ಸಿ ಕೇಳಿದರೆ ಉತ್ತರ ನಾನು ಕೊಡುತ್ತೇನೆ. ನಿಮ್ಮಮ್ಮ ಮಲಗಿದ್ದಳು, ಅಲುಗಾಡದೆ ಮಲಗಿದ್ದಳು, ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಷ್ಟದ ಕೆಲಸ ಅವಳದೇ ಆಗಿತ್ತು ಎನ್ನುತ್ತೇನೆ.

ಶುಕ್ರವಾರ ಸ್ಟೇಷನ್ನಿಗೆ ಹೋಗುತ್ತೇನೆ. ರೈಲಿನಿಂದ ನೀನು ಇಳಿಯದಿರಲಿ ಎಂದು ಪ್ರಾರ್ಥಿಸಿಕೊಂಡು ನಿಲ್ಲುತ್ತೇನೆ.

ಹೆಕ್ಟರ್


ಸ್ಯಾನಟೋರಿಯಂ
ನವೆಂಬರ್ 11, 1951

ಹೆಕ್ಟರ್,

ನಿನ್ನ ತಂತಿ ಬಂದ ಮೇಲೆ ಇಪ್ಪತ್ತಾರು ದಿನ ಬರೆಯಲಿಲ್ಲ. ಕೋಪ ಇತ್ತು, ಈಗಲೂ ಸ್ವಲ್ಪ ಇದೆ.

ತಂತಿ ಬಂದಾಗ ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ತಂತಿ ಎಂದರೆ ಸಾವಿನ ಸುದ್ದಿ ಎಂದು ಎಲ್ಲರೂ ಉಸಿರು ಬಿಗಿ ಹಿಡಿದರು. ಸಿಸ್ಟರ್ ನನ್ನ ಕೈ ಹಿಡಿದುಕೊಂಡೇ ಓದಿದಳು. "ಟೊಮೇಟೊ ಸತ್ತಿವೆ" ಎಂದು ಅವಳ ಬಾಯಿಂದ ಬಂದ ಕೂಡಲೇ ಆ ಸಾಲಿನ ಎಂಟು ಕೋಣೆಗಳಲ್ಲೂ ನಗು. ನಗಬಾರದ ಎದೆಗಳೆಲ್ಲ ನಕ್ಕವು. ಈಗ ನನ್ನನ್ನು ಇಲ್ಲಿ ಐಲ್ಸಾ ಎಂದು ಯಾರೂ ಕರೆಯುವುದಿಲ್ಲ, ಟೊಮೇಟೊ ಎನ್ನುತ್ತಾರೆ.

ಅವರು ನಗುವಾಗ ನಾನೂ ನಕ್ಕೆ. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತೆ. ನೀನು ಸುಳ್ಳು ಹೇಳಿದ್ದಕ್ಕಲ್ಲ. ಸೆಪ್ಟೆಂಬರಿನಲ್ಲಿ ನೆಡು ಎಂದು ಹೇಳಿದವಳು ನಾನು. ಕೊಂದವಳೂ ನಾನೇ, ಆ ಕೊಂದ ಸಸಿಗಳನ್ನೇ ಸಾಕ್ಷಿಗೆ ನಿಲ್ಲಿಸಿ ನೆಸ್ಸಿಯ ಬಳಿಗೆ ಹೊರಟಿದ್ದೆ.

ಕಾಗದವನ್ನು ಡಾಕ್ಟರಿಗೆ ಹಿಂದಿರುಗಿಸಿದೆ. ಅವರು ಮರುದಿನ ಎದೆಯ ಹೊಸ ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. ನೆರಳು ನನ್ನ ಕಣ್ಣಿಗೂ ಕಂಡಿತು. ಹೆಚ್ಚು ಹೇಳುವುದಿಲ್ಲ.

ಈಗ ಮೂಲ ವಿಷಯ. ನೀಲಿ ಲಕೋಟೆಯಲ್ಲಿ ಬೀಜ ಉಳಿದಿದ್ದವಲ್ಲ, ಏನು ಮಾಡಿದೆ?

ನಿನ್ನ
ಟೊಮೇಟೊ


ಒಹಾಕುನೆ
ಡಿಸೆಂಬರ್ 9, 1951

ಐಲ್ಸಾ,

ಉಳಿದ ಬೀಜವನ್ನೂ ಬಿತ್ತಿದ್ದೆ, ಆ ಸಸಿಗಳು ಲೇಬರ್ ಡೇಗೆ ಬಹಳ ಎಳೆಯವಾಗಿದ್ದವು. ಮಿರಿಯಾಮಾ ತನ್ನ ಕಿಟಕಿಯ ಪೆಟ್ಟಿಗೆಯಿಂದ ಒಂಬತ್ತು ಸಸಿ ಕೊಟ್ಟಳು. "ನಾನು ಆಗ್ಲೇ ಜಾಸ್ತಿ ಬಿತ್ತಿದ್ದೆ. ನಿಮ್ಮನೇಲಿ ಹಿಂಗಾಗುತ್ತೆ ಅಂತ ಗೊತ್ತಿತ್ತಲ್ಲ" ಎಂದಳು. ಲೇಬರ್ ಡೇ ಮಧ್ಯಾಹ್ನ ನೆಟ್ಟೆ. ಆ ಮಧ್ಯಾಹ್ನ ಈ ಬೀದಿಯಲ್ಲಿ ಬಗ್ಗಿದ ಬೆನ್ನುಗಳನ್ನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಒಂಬತ್ತೂ ಬದುಕಿವೆ. ಸೊಂಟದವರೆಗೆ ಬಂದಿವೆ, ಹಳದಿ ಹೂವಿದೆ. ನಂಬದಿದ್ದರೆ ಮಿರಿಯಾಮಾ ಕೆಳಗೆ ಸಹಿ ಹಾಕಿದ್ದಾಳೆ ನೋಡು.

ರಿರೋರಿರೋ ಮೊದಲ ಮರಿಗಳನ್ನು ಹಾರಿಸಿ ಮತ್ತೊಂದು ಗೂಡು ಕಟ್ಟಿತು. ಆ ಎರಡನೆಯ ಗೂಡಿನ ವಿಷಯ ನಾನು ಬರೆಯುವುದಿಲ್ಲ.

ಹೆಕ್ಟರ್

ಒಂಬತ್ತೂ ನಿಜ. ಮಿರಿಯಾಮಾ


ಸ್ಯಾನಟೋರಿಯಂ
ಡಿಸೆಂಬರ್ 17, 1951

ಹೆಕ್ಟರ್,

ನಾನು ಅದೇ ಊರಿನಲ್ಲಿ ಹುಟ್ಟಿ ಬೆಳೆದವಳು ಎನ್ನುವುದು ಮರೆತುಹೋಯಿತೇ? ಎರಡನೆಯ ಗೂಡಿನಲ್ಲಿ ಏನಿದೆ ಎಂದು ನೀನು ಬರೆಯಬೇಕಾಗಿಲ್ಲ. ಸಮುದ್ರದಾಚೆಯಿಂದ ಹಸಿರು ರೆಕ್ಕೆಯ ಸಣ್ಣ ಕೋಗಿಲೆ ಬಂದಿದೆ, ಮೊಟ್ಟೆ ಇಟ್ಟು ಹೋಗಿದೆ. ಈಗ ಹೆಬ್ಬೆರಳಷ್ಟು ರಿರೋರಿರೋ ತನಗಿಂತ ಮೂರು ಪಟ್ಟು ದಪ್ಪದ ಮರಿಗೆ ದಿನವಿಡೀ ಹುಳ ತಿನ್ನಿಸುತ್ತಿದೆ. ಅದನ್ನು ನೋಡಿ ನಿನಗೆ ನಾನು ನೆನಪಾದೆ.

ನನಗೂ ಅದೇ ನೆನಪಾಯಿತು. ನೆಸ್ಸಿ ನನ್ನ ಹೊಟ್ಟೆಯಲ್ಲಿ ಹುಟ್ಟಿ ಮಿರಿಯಾಮಾಳ ಗೂಡಿನಲ್ಲಿ ಬೆಳೆದವಳು. ಕೋಗಿಲೆ ಎಂದು ನನ್ನನ್ನು ಕರೆದರೆ ತಪ್ಪೇನು?

ನಗುತ್ತಲೇ ಬರೆಯುತ್ತಿದ್ದೇನೆ, ಹೆದರಬೇಡ. ಆದರೆ ಕೇಳಬೇಕು ಅನ್ನಿಸಿತು.

ಐಲ್ಸಾ


ಒಹಾಕುನೆ
ಡಿಸೆಂಬರ್ 23, 1951

ಐಲ್ಸಾ,

ನಾಲ್ಕು ತಿಂಗಳಿಂದ ಮೆಟ್ಟಿಲ ಮೇಲೆ ಕೂತು ಹಕ್ಕಿ ನೋಡಿದವನು ನಾನು, ಈ ವಿಷಯದಲ್ಲಿ ಈಗ ನಿನಗಿಂತ ನನಗೇ ಹೆಚ್ಚು ಗೊತ್ತು. ಮೊಟ್ಟೆಯಿಟ್ಟ ಕೋಗಿಲೆ ಆ ಗೂಡಿನ ಕಡೆ ಒಮ್ಮೆಯೂ ತಿರುಗಿ ಬರಲಿಲ್ಲ. ಹಲ್ಲು ಎಷ್ಟು ಬಂತು ಎಂದು ಕೇಳಿ ಬರೆಯಲಿಲ್ಲ. ಕೆಂಪು ಟೋಪಿ ಹಾಕು ಎನ್ನಲಿಲ್ಲ.

ನಿನ್ನ ಪತ್ರವನ್ನು ಮಿರಿಯಾಮಾಳಿಗೆ ಓದಿ ಹೇಳಿದೆ. ಅವಳಿಗೆ ನಿಜವಾಗಿ ಸಿಟ್ಟು ಬಂತು. "ಐದು ಹೆತ್ತಿದ್ದೀನಿ, ಇನ್ನೊಂದನ್ನ ಕದಿಯೋ ಗತಿ ನಂಗೆ ಬಂದಿಲ್ಲ ಅಂತ ಬರಿ ಅವಳಿಗೆ" ಎಂದಳು. ನೆಸ್ಸಿ ಅವಳನ್ನು ಅಮ್ಮ ಎಂದಾಗಲೆಲ್ಲ ಅವಳು ಏನು ಮಾಡುತ್ತಾಳೆ ಎಂದು ನಾನು ನಿನಗೆ ಬರೆದೇ ಇಲ್ಲ. ಕೆಲಸ ಬಿಟ್ಟು, ಎತ್ತಿಕೊಂಡು, ನಮ್ಮ ಮನೆಗೆ ಬಂದು, ಒಲೆಯ ಮೇಲಿನ ನಿನ್ನ ಫೋಟೊ ತೋರಿಸಿ, "ಅಗೋ ನಿನ್ನಮ್ಮ. ನಾನು ಮಿರಿ" ಎನ್ನುತ್ತಾಳೆ. ಮಳೆಯಿದ್ದರೂ ಬರುತ್ತಾಳೆ. ಈಗ ನೆಸ್ಸಿ ಅವಳನ್ನು ಮಿರಿ ಎನ್ನುತ್ತಾಳೆ. ಅಮ್ಮ ಎಂದರೆ ಫೋಟೊ ಎಂದುಕೊಂಡಿದ್ದಾಳೆ. ಅದನ್ನು ನೀನು ಬಂದು ಸರಿಪಡಿಸು.

ಕ್ರಿಸ್‌ಮಸ್ ಶುಭಾಶಯ.

ಹೆಕ್ಟರ್


ಸ್ಯಾನಟೋರಿಯಂ
ಫೆಬ್ರವರಿ 10, 1952

ಹೆಕ್ಟರ್,

ಇದೇ ಇಪ್ಪತ್ತೆರಡು, ಶುಕ್ರವಾರ ಮನೆಗೆ ಬರುತ್ತೇನೆ. ಈ ಸಲ ದೊಡ್ಡ ಡಾಕ್ಟರೇ ಕಾಗದಕ್ಕೆ ಸಹಿ ಹಾಕಿದ್ದಾರೆ. ಚಿತ್ರವನ್ನು ಬೆಳಕಿಗೆ ಹಿಡಿದು ನಾನೇ ಹುಡುಕಿದೆ. ನೆರಳಿದ್ದ ಜಾಗದಲ್ಲಿ ಒಂದು ಗೀರು ಮಾತ್ರ ಉಳಿದಿದೆ. "ಅದು ಗಾಯ ಮಾಗಿದ ಗುರುತಮ್ಮಾ, ಅದು ಇರುತ್ತೆ, ಇರ್ಲಿ ಬಿಡಿ" ಎಂದರು. ಮಗುವನ್ನು ಎತ್ತಿಕೊಳ್ಳಬಹುದೇ ಎಂದು ಕೇಳಿದೆ. ಎಷ್ಟು ಬೇಕಾದರೂ ಎಂದರು.

ಯಾವುದಕ್ಕೂ ಹೆದರದವಳು ನಾನು, ನಿನಗೆ ಗೊತ್ತು. ಈಗ ಹೆದರಿಕೆಯಾಗುತ್ತಿದೆ. ಹನ್ನೊಂದು ತಿಂಗಳಾಯಿತು. ರೈಲಿನಿಂದ ಇಳಿದವಳನ್ನು ಕಂಡು ನೆಸ್ಸಿ ಕಿರುಚಿಕೊಂಡರೆ? ನಾನು ಏನು ಮಾಡಬೇಕು? ಇಷ್ಟು ದಿನ ಹಾಗೆ ಮಾಡು, ಹೀಗೆ ಮಾಡು ಎಂದು ನಾನೇ ಹೇಳಿದೆ. ಈ ಸಲ ನೀನು ಹೇಳು.

ನಿನ್ನ
ಐಲ್ಸಾ


ಒಹಾಕುನೆ
ಫೆಬ್ರವರಿ 16, 1952

ಐಲ್ಸಾ,

ಕಿರುಚುತ್ತಾಳೆ. ಅದಕ್ಕೆ ಸಿದ್ಧಳಾಗಿ ಬಾ.

ಮನೆಗೆ ಬಂದ ಮೇಲೆ ಎತ್ತಿಕೊಳ್ಳಲು ಹೋಗಬೇಡ. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತುಕೋ. ಅಲುಗಾಡಬೇಡ, ಕರೆಯಬೇಡ, ನೆಟ್ಟ ನೋಟದಿಂದ ನೋಡಲೂ ಬೇಡ. ಬೇರೆ ಯಾವುದೋ ಯೋಚನೆಯಲ್ಲಿರುವವಳಂತೆ ಕೂತಿರು. ನೀನೇ ಕಲಿಸಿದ್ದು.

ಟೊಮೇಟೊ ಇನ್ನೂ ಹಸಿರು. ಒಂದು ಮಾತ್ರ ಸ್ವಲ್ಪ ಬಣ್ಣಕ್ಕೆ ತಿರುಗುತ್ತಿದೆ. ಅದನ್ನು ಯಾರೂ ಮುಟ್ಟಬಾರದು ಎಂದು ನೆಸ್ಸಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೇನೆ. ನಿನಗಾಗಿ ಇಟ್ಟದ್ದು.

ಹೆಕ್ಟರ್


ಅಡುಗೆಮನೆಯ ಮೇಜು
ಶನಿವಾರ, ಫೆಬ್ರವರಿ 23, 1952

ಹೆಕ್ಟರ್,

ನೀನು ಹಳಿಯ ಕೆಲಸದಿಂದ ಬರುವ ಹೊತ್ತಿಗೆ ನಾವಿಬ್ಬರೂ ಮಿರಿಯಾಮಾಳ ಮನೆಯಲ್ಲಿರುತ್ತೇವೆ, ಊಟಕ್ಕೆ ಕರೆದಿದ್ದಾಳೆ. ನೀನೂ ಕೈಕಾಲು ತೊಳೆದು ಅಲ್ಲಿಗೇ ಬಾ. ಆದರೆ ಇದನ್ನು ಅಲ್ಲಿ ಎಲ್ಲರೆದುರು ಹೇಳಲು ನನ್ನಿಂದಾಗುವುದಿಲ್ಲ, ಅದಕ್ಕೆ ಬರೆದಿಡುತ್ತಿದ್ದೇನೆ.

ನಿನ್ನೆ ಸ್ಟೇಷನ್ನಿನಲ್ಲಿ ನೆಸ್ಸಿ ಕಿರುಚಿದ್ದನ್ನು ನೀನೂ ನೋಡಿದೆ, ಅರ್ಧ ಊರು ನೋಡಿತು. ಇವತ್ತು ನೀನು ಹೋದ ಮೇಲೆ ಬೆಳಗ್ಗೆ ಎಂಟಕ್ಕೆ ಮೆಟ್ಟಿಲ ಮೇಲೆ ಕೂತೆ. ಒಂಬತ್ತಾಯಿತು. ಹತ್ತಾಯಿತು. ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಒಳಗೆ ಹೋಗಿ ಫೋಟೊ ನೋಡಿ ಬಂದಳು, ಮತ್ತೆ ನನ್ನನ್ನು ನೋಡಿದಳು. ನಾನು ಬೆಟ್ಟ ನೋಡುತ್ತ ಕೂತೆ. ಹನ್ನೊಂದು ತಿಂಗಳು ಅಲುಗಾಡದೆ ಮಲಗಿದವಳಿಗೆ ಮೂರು ಗಂಟೆ ಕೂರುವುದು ಯಾವ ಲೆಕ್ಕ ಎಂದುಕೊಂಡಿದ್ದೆ. ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ಆಮೇಲೆ ನನ್ನನ್ನು ದಾಟಿಕೊಂಡು ಗಿಡಗಳ ಬಳಿ ಹೋದಳು. ನಾನು ತಿರುಗಿ ನೋಡಲಿಲ್ಲ. ಪಟ್ ಎಂದು ಸದ್ದಾಯಿತು. ಬಂದು, ನನ್ನ ಮಡಿಲಲ್ಲಿ ಟೊಮೇಟೊ ಇಟ್ಟು, ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ನನ್ನ ಲಂಗದ ಅಂಚನ್ನು ಹಿಡಿದುಕೊಂಡು ಕೂತಳು. ಅಮ್ಮ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಕಿತ್ತದ್ದು ನೀನು ಕಾಯುತ್ತಿದ್ದ ಆ ಒಂದನ್ನೇ. ಬೈಯಬೇಡ. ಇನ್ನೂ ಮುಕ್ಕಾಲು ಪಾಲು ಹಸಿರಾಗಿದೆ. ಒಲೆಯ ಪಕ್ಕದ ಕಿಟಕಿಯಲ್ಲಿಟ್ಟಿದ್ದೇನೆ, ಕೆಂಪಾಗಲು ವಾರ ಹಿಡಿಯಬಹುದು. ಹಿಡಿಯಲಿ. ನಾನು ಮನೆಯಲ್ಲೇ ಇರುತ್ತೇನೆ.

ಐಲ್ಸಾ